ಕೂಗಿಲ್ಲದ ಗುಡ್ಡ

ಹುಣಿಸೆಕೊಳ್ಳದಿಂದ ಪಡುವಣಕ್ಕೆ ಹಳೆಯ ಗಾಡಿಜಾಡು ಹಿಡಿದು ನಡೆದರೆ, ಬಂದರಿಕೆ, ತುಗ್ಗಲಿಯಂಥ ಕುರುಚಲು ಗಿಡಗಳು ಮುಗಿಯುವ ಕಡೆ ಮಗ್ಗುಲಾಗಿ ಮಲಗಿದ ಎಮ್ಮೆಯಂಥ ಒಂದು ಬೋಳುಗುಡ್ಡ ಕಾಣಿಸುತ್ತದೆ. ಅದರ ಬುಡದಲ್ಲಿ ತಾಯಿ ಚೌಡಮ್ಮನ ಗುಡಿ, ಗುಡಿಯ ಮುಂದೆ ಅಂಗೈಯಂತೆ ಹಸನಾದ ಬಯಲು. ವಿಜಯದಶಮಿಯ ದಿನ ಸುತ್ತಲಿನ ಬಂದೂಕಿನ ಹವ್ಯಾಸಿಗಳೆಲ್ಲ ಈ ಸೀಮೆಗೆ ಬರುವುದುಂಟು. ಲೈಸೆನ್ಸನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಜೇಬಿಗಿಟ್ಟುಕೊಂಡ ಮೇಷ್ಟ್ರು, ಅಜ್ಜನ ಕಾಲದ ಜೋಡಿನಳಿಗೆಯ ಕೋವಿಯನ್ನು ಮಗುವಿನಂತೆ ಕಂಬಳಿಯಲ್ಲಿ ಸುತ್ತಿ ತರುವ ಗೌಡರು, ಅಂಗಡಿಯ ತೋಟಾ ನಂಬದೆ ತಾವೇ ಮದ್ದು ತುಂಬಿಕೊಂಡು ಬರುವ ಹಠಮಾರಿಗಳು, ಎಲ್ಲರೂ ಗುರಿಯಾಟಕ್ಕೆ ಸೇರುತ್ತಾರೆ. ಆದರೆ ಆಟ ನಡೆಯುವುದು ಈ ಬಯಲಿನಲ್ಲಲ್ಲ, ಹಳ್ಳದಾಚೆಯ ಗೋಮಾಳದಲ್ಲಿ. ಗುಂಡು ತಡೆಯಲು ಇಷ್ಟು ದೊಡ್ಡ ಬಂಡೆ ಇಲ್ಲೇ ಇರುವಾಗ ಅಲ್ಲಿಗೇಕೆ ಹೋಗುತ್ತೀರಿ ಎಂದು ಹೊಸಬರು ಕೇಳಿದರೆ, "ಅದು ಕೂಗಿಲ್ಲದ ಗುಡ್ಡ ಸ್ವಾಮಿ" ಎಂಬಷ್ಟೇ ಉತ್ತರ ಸಿಗುತ್ತದೆ. ಅಲ್ಲಿ ಮಾರ್ದನಿ ಏಳುವುದಿಲ್ಲ, ಅದಕ್ಕೇ ಆ ಹೆಸರು ಎಂದು ಕೆಲವರ ಊಹೆ. ಕೋಳಿ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಊರಿಲ್ಲ, ಅದಕ್ಕೆ ಎಂದು ಇನ್ನು ಕೆಲವರು. ಗುಡಿಯ ಕಟ್ಟೆಯ ಮೇಲೆ ಕೂತ ಹಿರಿಯರು ಹೇಳುವುದೇ ಬೇರೆ. ಅಮ್ಮನ ಪಾದಕ್ಕೆ ಶರಣೆಂದು, ಅವರು ಹೇಳಿದ್ದನ್ನೇ ಇಲ್ಲಿ ಬರೆದಿದೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಸೀಮೆಯನ್ನು ಸೂರಪ್ಪನಾಯಕನೆಂಬುವನು ಆಳುತ್ತಿದ್ದನಂತೆ. ಅವನಿಗೆ ಹೆಂಡತಿ ಮಕ್ಕಳಿಗಿಂತ ಕೋವಿಗಳ ಮೇಲೆ ಹೆಚ್ಚು ಮೋಹ ಎನ್ನುತ್ತಾರೆ. ಅರಮನೆಯ ಒಂದು ತೊಟ್ಟಿಯ ತುಂಬ ಕೋವಿಗಳೇ. ಬೆಳಗಾದರೆ ಎಣ್ಣೆಯ ಬಟ್ಟೆ ಹಿಡಿದು ನಳಿಗೆ ಒರೆಸುವನು. ಬಳಪದ ಕಲ್ಲಿನ ಅಚ್ಚಿನಲ್ಲಿ ತಾನೇ ಸೀಸ ಹೊಯ್ದು ಗುಂಡು ತೆಗೆಯುವನು. ಪೆಟ್ಲುಪ್ಪು, ಗಂಧಕ, ಎಕ್ಕದ ಕಡ್ಡಿಯ ಇದ್ದಿಲು ಸೇರಿಸಿ ಮದ್ದು ಹದ ಮಾಡುವನು. ನಳಿಗೆಗೆ ಮದ್ದುಗುಂಡಿನ ಈಡು ತುಂಬುವ ಕೆಲಸವನ್ನು ಮಾತ್ರ ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ಅಮ್ಮನ ಬಯಲಿನಲ್ಲಿ ಗುರಿಯಾಟ. ಬಂಡೆಗೆ ಒಂದು ಹಾಲುವಾಣ ಮರದ ಹಲಗೆ ಒರಗಿಸಿ, ಅದರ ಮೇಲೆ ಸುಣ್ಣದಲ್ಲಿ ಬಳೆಯಷ್ಟು ಅಗಲದ ಗೆರೆ ಎಳೆಯುತ್ತಿದ್ದರು. ಗುಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಹೊಡೆದವನಿಗೆ ಅಷ್ಟು ದೂರದಿಂದ, ಆ ಹೊಗೆಯಲ್ಲಿ ಕಾಣುವಂತಿಲ್ಲ. ಅದನ್ನು ಹೇಳುವುದಕ್ಕೆಂದೇ ಒಂದು ಮನೆತನವಿತ್ತು. ಅವರನ್ನು ಕೂಗಾಳು ಎಂದು ಕರೆಯುತ್ತಿದ್ದರು. ಕೂಗಾಳು ಬಂಡೆಯ ಮರೆಯಿಂದ ಹೊರಬಂದು, ತೂತಿಗೆ ಬೆರಳಿಟ್ಟು ನೋಡಿ, ಅಮ್ಮನ ಗುಡಿಯ ಕಡೆ ಮುಖ ಮಾಡಿ 'ತಗುಲಿತು' ಎಂದೋ 'ತಪ್ಪಿತು' ಎಂದೋ ಕೂಗಬೇಕು. ಆ ಕೂಗು ಬರುವ ತನಕ ಬಯಲಿನಲ್ಲಿ ಯಾರೂ ಇನ್ನೊಂದು ಈಡು ತುಂಬುವಂತಿಲ್ಲ. ಹಲಗೆಯ ಬಳಿ ನಿಂತ ಮನುಷ್ಯನ ಜೀವ ಉಳಿಯಲಿ ಎಂದು ಹುಟ್ಟಿದ ಕಟ್ಟಳೆ ಅದು. ಕಾಲ ಕಳೆದಂತೆ ಅಮ್ಮನ ಆಣೆಯೇ ಆಗಿಹೋಯಿತು. ಕೂಗು ಬೀಳದ ಈಡಿನ ಮೇಲೆ ಮದ್ದು ಹಾಕಿದವನ ಮನೆಯಲ್ಲಿ ದೀಪ ಹಚ್ಚುವವರು ಉಳಿಯುವುದಿಲ್ಲ ಎಂದು ಕೋವಿಯವರೆಲ್ಲ ನಂಬಿದ್ದರು.

ಆ ಕಾಲದ ಕೂಗಾಳು ಗಾದಿಲಿಂಗಯ್ಯ. ದೊಡ್ಡ ಗಂಟಲು, ತುಂಟ ನಾಲಿಗೆ. ಗುರಿ ತಪ್ಪಿದವರನ್ನು ಅವನು ಸುಮ್ಮನೆ ಬಿಡುತ್ತಿರಲಿಲ್ಲ. "ತಪ್ಪಿತು! ಮಾವಾ, ಹಲಗೆಗೆ ಏನೂ ಆಗಿಲ್ಲ, ಗುಡ್ಡಕ್ಕೆ ಸ್ವಲ್ಪ ನೋವಾಗಿದೆ!" ಎಂದರೆ ಬಯಲೆಲ್ಲ ನಗು. ಅವನ ಹೆಂಡತಿ ಸಿರುಮವ್ವ. ಅವರಿಗೆ ಪಾಲಯ್ಯನೆಂಬ ಒಬ್ಬನೇ ಮಗ. ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಕಣಿವೆಹಟ್ಟಿಯವರು ದನ ಹೊಡೆದುಕೊಂಡು ಹೋಗಲು ಬಂದರು. ತಡೆಯಲು ಹೋದ ಪಾಲಯ್ಯನನ್ನು ಬೊಮ್ಮಲಿಂಗನೆಂಬ ಅವರ ಮುಂದಾಳು ಈಟಿಯಿಂದ ತಿವಿದ. ಈಟಿ ಹೊಟ್ಟೆಯಲ್ಲಿ ಹೊಕ್ಕು ಬೆನ್ನಲ್ಲಿ ಹೊರಬಂದಿತ್ತು. ಹೊತ್ತು ತಂದವರಿಗೆ ಅದನ್ನು ಕೀಳುವ ಧೈರ್ಯವಾಗದೆ, ಮಗ ಈಟಿಯ ಸಮೇತ ತಾಯಿಯ ಅಂಗಳಕ್ಕೆ ಬಂದ. ಕಿತ್ತವಳು ಸಿರುಮವ್ವನೇ. ಕರುಳು ಕೈಗೆ ಸುತ್ತಿಕೊಂಡದ್ದನ್ನು ಬಿಡಿಸಿ ಒಳಗಿಟ್ಟು, ತನ್ನ ಸೆರಗಿನಿಂದ ಕಟ್ಟಿ ಮಣ್ಣು ಮಾಡಿದಳು ಎನ್ನುತ್ತಾರೆ. ನಾಯಕನ ಪಡೆ ಬೆನ್ನಟ್ಟಿ ಹೋಗಿ ಕಣಿವೆಹಟ್ಟಿಗೆ ಬೆಂಕಿಯಿಟ್ಟು, ಬೊಮ್ಮಲಿಂಗನ ಹೆಡೆಮುರಿ ಕಟ್ಟಿ ಎಳೆದು ತಂದಿತು.

ಸೆರೆಯಾಳಿನ ವಿಷಯಕ್ಕೂ ಆ ಬಯಲಿನಲ್ಲಿ ಒಂದು ಕಟ್ಟಳೆಯಿತ್ತು. ವಿಜಯದಶಮಿಯ ದಿನ ಕೊನೆಯ ಈಡು ನಾಯಕನದು. ಅದು ಗೆರೆಯೊಳಗೆ ಬಿದ್ದರೆ ಸೆರೆಯಾಳು ಕೋವಿಯ ಪಾಲು. ಅಲ್ಲೇ ಅವನನ್ನು ಹೊಡೆದು ಕೆಡವುವರು. ತಪ್ಪಿದರೆ ಅವನು ಅಮ್ಮನ ಪಾಲು. ಅರಿಸಿನದ ದಾರ ಕಟ್ಟಿ ಬಿಟ್ಟುಬಿಡಬೇಕು. ಸೂರಪ್ಪನಾಯಕ ಗುರಿ ತಪ್ಪಿದ್ದನ್ನು ಕಂಡವರು ಯಾರೂ ಇರಲಿಲ್ಲ. ಆದ್ದರಿಂದ ಸಿರುಮವ್ವ ಅರಮನೆಗೆ ಹೋಗಿ ಬೇಡಿದ್ದು ಒಂದೇ. "ಬುದ್ಧಿ, ಆ ಈಡಿನ ಮದ್ದು ನಾನು ಕುಟ್ಟುತ್ತೇನೆ. ಅಷ್ಟು ಪುಣ್ಯ ನನಗಿರಲಿ." ನಾಯಕ ನಕ್ಕು ಒಪ್ಪಿದ. ಮದ್ದನ್ನು ರವೆಯ ಹದಕ್ಕೆ ನಿಲ್ಲಿಸಬೇಕೆಂದು ಆ ಊರಿನ ಹೆಂಗಸರಿಗೆಲ್ಲ ಗೊತ್ತು. ಸಿರುಮವ್ವನಿಗೂ ಗೊತ್ತಿತ್ತು. ಆದರೆ ಒನಕೆ ಎತ್ತಿದಾಗಲೆಲ್ಲ ಒರಳಿನಲ್ಲಿ ಅವಳಿಗೆ ಬೊಮ್ಮಲಿಂಗನ ಮುಖವೇ ಕಂಡಿತು. ನಿಲ್ಲಿಸಬೇಕಾದಲ್ಲಿ ಕೈ ನಿಲ್ಲಲಿಲ್ಲ. ಮದ್ದು ರಾಗಿಹಿಟ್ಟಿನಂತೆ ನುಣ್ಣಗಾಯಿತು. ಅಷ್ಟು ನುಣುಪಾದ ಮದ್ದು ಒಮ್ಮೆಲೇ ಭಗ್ಗೆಂದು ಕೋವಿಯ ಮೂತಿಯನ್ನು ಮೇಲಕ್ಕೆ ಎತ್ತಿಬಿಡುತ್ತದೆ. ಮನುಷ್ಯರ ಸಿಟ್ಟನ್ನೇ ಅಮ್ಮ ತನ್ನ ಕೆಲಸಕ್ಕೆ ಹಚ್ಚಿಕೊಳ್ಳುತ್ತಾಳೆ, ಆ ತಾಯಿಯ ಲೀಲೆ ಅರಿತವರಾರು?

ವಿಜಯದಶಮಿಯ ದಿನ ಬಯಲು ಕಿಕ್ಕಿರಿದಿತ್ತು. ನೆರೆಯ ಪಾಳೆಯಗಾರರು ಕಂಬಳಿಗಳ ಮೇಲೆ ಕೂತಿದ್ದರು. ಬೊಮ್ಮಲಿಂಗನನ್ನು ಗುಡಿಯ ಪಕ್ಕದ ಹುಣಿಸೆಮರಕ್ಕೆ ಬಿಗಿದಿದ್ದರು. ಮುಖ ಬಾತುಹೋಗಿ ಒಂದು ಕಣ್ಣು ಮುಚ್ಚಿತ್ತು. ಸಿರುಮವ್ವ ಜನರನ್ನು ತಳ್ಳಿಕೊಂಡು ಬಂದು, ಅವನ ಉಸಿರು ಕೇಳುವಷ್ಟು ಹತ್ತಿರ ನಿಂತಳು. ನಾಯಕ ಎಂದಿನ ಅಳತೆಯ ಮದ್ದು ಸುರಿದು, ಗುಂಡಿಳಿಸಿ, ಗಜದ ಸಲಾಕೆಯಿಂದ ಜಡಿದು, ಬತ್ತಿಯ ಕಿಡಿ ಊದಿದ. ಕೋವಿ ಹಾರಿತು. ಹೊಗೆ ಸರಿದಾಗ ಗಾದಿಲಿಂಗಯ್ಯ ಹಲಗೆಯ ಮುಂದೆ ನಿಂತಿದ್ದ. ಬೆರಳು ತೂತಿನಲ್ಲಿತ್ತು. ತೂತು ಸುಣ್ಣದ ಗೆರೆಗಿಂತ ಒಂದು ಬೆರಳು ಮೇಲೆ ಬಿದ್ದಿತ್ತು. ಅವನಲ್ಲದೆ ಅದನ್ನು ನೋಡಿದವರಿಲ್ಲ. 'ತಗುಲಿತು' ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ, ಮಗನ ಋಣವೂ ತೀರುತ್ತಿತ್ತು. 'ಅನ್ನು, ಅಂದುಬಿಡು' ಎಂದು ಸಿರುಮವ್ವನ ತುಟಿ ಅಲುಗುತ್ತಿತ್ತು. ಅವನು ಬೆರಳು ತೆಗೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ಗುಡಿಯ ಕಡೆ ತಿರುಗಿ ಕೂಗಿದ.

"ತಪ್ಪಿತು!"

ಈ ಸಲ ಯಾರೂ ನಗಲಿಲ್ಲ. ಸಿರುಮವ್ವ ನೆಲದ ಮಣ್ಣು ಬಾಚಿ ಗಂಡನ ಕಡೆಗೆ ಎಸೆದಳು. "ಹೆತ್ತವನಾ ನೀನು? ನಿನ್ನ ನಾಲಿಗೆ ಸೇದಿಹೋಗಲಿ!" ಎಂದು ಚೀರಿದಳು. ನಾಯಕನ ಮುಖ ಕಪ್ಪಿಟ್ಟಿತು. ಕಂಬಳಿಯ ಮೇಲೆ ಕೂತಿದ್ದ ಒಬ್ಬ ಪಾಳೆಯಗಾರ, "ಏನು ನಾಯಕರೇ, ಕೋವಿಗೆ ವಯಸ್ಸಾಯಿತೋ, ಕಣ್ಣಿಗೋ?" ಎಂದು ಮೀಸೆಯಲ್ಲೇ ನಕ್ಕ.

"ಲೇ ಗಾದಿಲಿಂಗ, ಇನ್ನೊಮ್ಮೆ ನೋಡಿ ಕೂಗು" ಎಂದ ನಾಯಕ.

"ನೋಡಿದ್ದೇನೆ ಬುದ್ಧಿ. ಇನ್ನೊಮ್ಮೆ ನೋಡಿದರೆ ತೂತು ನಡೆದು ಬರುತ್ತದೆಯೇ?"

ಮುಂದಿನದನ್ನು ಹೇಳುವಾಗ ಹಿರಿಯರು ಒಮ್ಮೆ ಗುಡಿಯ ಕಡೆ ನೋಡುತ್ತಾರೆ. ನಾಯಕ ಮತ್ತೆ ಈಡು ತುಂಬಿದ. ಕೂಗು ಬಂದಾಗಿತ್ತು, ತುಂಬುವುದಕ್ಕೆ ಅಡ್ಡಿಯಿರಲಿಲ್ಲ. ಕೋವಿ ಮೇಲಕ್ಕೆದ್ದದ್ದು ಅವನ ಹೆಗಲಿಗೆ ತಿಳಿದಿತ್ತು. ಮದ್ದನ್ನು ಒಂದು ಚಿಟಿಕೆ ಕಡಿಮೆ ಮಾಡಿದ. ಗುರಿ ಹಲಗೆಯ ಮೇಲೆ ಇಟ್ಟನೆಂದೇ ಎಲ್ಲರೂ ತಿಳಿದರು. ಗುಂಡು ಗಾದಿಲಿಂಗಯ್ಯನ ಬಲದೊಡೆಗೆ ಬಡಿಯಿತು. ಮೂಳೆ ಒಡೆದ ಸದ್ದು ಬಯಲಿನ ಈ ತುದಿಗೂ ಕೇಳಿಸಿತಂತೆ. ಅವನು ಬಂಡೆಗೆ ಒರಗಿ ಜಾರಿದ. ರಕ್ತ ಬಿಂದಿಗೆಯಿಂದ ಸುರಿದಂತೆ ಸುರಿಯಿತು. ಆಗ ಸಿರುಮವ್ವನಿಗೆ ಕಟ್ಟಳೆ ನೆನಪಾಯಿತು. ಕೂಗು ಬಾರದಿದ್ದರೆ ಇನ್ನೊಂದು ಈಡು ತುಂಬುವ ಹಾಗಿಲ್ಲ. ಅವನು ಸುಮ್ಮನಿದ್ದರೆ ಬದುಕಿದ! "ಕೂಗಬೇಡ! ಯಜಮಾನಾ, ಬಾಯಿ ಮುಚ್ಚಿಕೋ, ಕೂಗಬೇಡ!" ಎಂದು ಬಡಕೊಳ್ಳುತ್ತ ಓಡಿದಳು. ಕೋವಿಯವರು ಹಿಡಿದುಕೊಂಡರು. ಗಾದಿಲಿಂಗಯ್ಯ ಗಾಯದಲ್ಲಿ ಬೆರಳಿಟ್ಟು ನೋಡಿ, ಗುಡಿಯ ಕಡೆ ಮುಖವೆತ್ತಿ, ಎಂದಿನ ಆ ದೊಡ್ಡ ಗಂಟಲಿನಲ್ಲೇ ಕೂಗಿದ.

"ತಗುಲಿತು! ಬಲದೊಡೆಗೆ!"

"ಮೊದಲನೆಯದನ್ನೂ ಹೀಗೇ ಕೂಗು. ಜೀವ ಉಳಿಸುತ್ತೇನೆ" ಎಂದು ನಾಯಕ ಗಜ ಜಡಿಯುತ್ತಲೇ ಅಬ್ಬರಿಸಿದ.

"ತಪ್ಪಿದ್ದು ತಪ್ಪಿತು, ತಗುಲಿದ್ದು ತಗುಲಿತು. ಎರಡನ್ನೂ ಅಮ್ಮ ನೋಡಿದ್ದಾಳೆ ಬುದ್ಧಿ."

ಮೂರನೆಯ ಗುಂಡು ಅವನ ಎದೆಯನ್ನು ಸೀಳಿ ಬಂಡೆಗೆ ಬಡಿಯಿತು. ಗಾದಿಲಿಂಗಯ್ಯನ ಕೈ ಗಾಯದ ಕಡೆಗೆ ಹೊರಟಿತು, ಬಾಯಿ ತೆರೆಯಿತು. ಬಂದದ್ದು ಕೂಗಲ್ಲ, ಒಂದು ಬೊಗಸೆ ರಕ್ತ. ಅಷ್ಟೇ. ತಲೆ ವಾಲಿತು.

ನಾಯಕನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಬೊಮ್ಮಲಿಂಗನ ಕಡೆ ಕೈಮಾಡಿ, "ತುಂಬಿರೋ! ಎಲ್ಲ ಕೋವಿಗಳನ್ನೂ ತುಂಬಿರಿ! ಅವನನ್ನು ಜರಡಿ ಮಾಡಿ!" ಎಂದ. ಒಬ್ಬನೂ ಮದ್ದಿನ ಕೊಂಬಿಗೆ ಕೈಯಿಡಲಿಲ್ಲ. ಓಬಣ್ಣನೆಂಬ ಮುದಿ ಕೋವಿಕಾರ ತಲೆ ತಗ್ಗಿಸಿ, "ಕೂಗು ಬಂದಿಲ್ಲ ಬುದ್ಧಿ" ಎಂದ. ನಾಯಕ ಕೋವಿಯ ಹಿಡಿಯಿಂದ ಅವನ ಬಾಯಿಗೆ ಬಡಿದ. ಓಬಣ್ಣ ಹಲ್ಲುಗಳನ್ನು ಅಂಗೈಗೆ ಉಗುಳಿಕೊಂಡು ಮತ್ತೆ ಅದನ್ನೇ ಹೇಳಿದ. ಅಮ್ಮನ ಆಣೆಗೆ ಅಂಜಿ ತಾನೂ ತುಂಬಲಾರದೆ, ನಾಯಕ ಬಂಡೆಯವರೆಗೆ ಓಡಿ, "ತಗುಲಿತು! ನಾನೇ ಕೂಗಿದ್ದೇನೆ, ತುಂಬಿರಿ!" ಎಂದು ಗಂಟಲು ಹರಿದುಕೊಂಡ. ಹೊಡೆದವನ ಬಾಯಿಂದ ಬಂದದ್ದು ಕೂಗಲ್ಲವೆಂದು ಆ ಬಯಲಿನಲ್ಲಿ ನೆರೆದ ಮಕ್ಕಳಿಗೂ ಗೊತ್ತಿತ್ತು. ಕೂಗಾಳು ಸತ್ತರೆ ಕೂಗು ಅವನ ಮನೆಯವರದು. ಮಗ ಮಣ್ಣಾಗಿದ್ದ. ಉಳಿದವಳು ಸಿರುಮವ್ವ ಒಬ್ಬಳೇ. ಅವಳನ್ನು ಹಿಡಿದಿದ್ದವರು ತಾವಾಗಿಯೇ ಕೈಬಿಟ್ಟರು.

ನಾಯಕನ ದನಿ ಥಟ್ಟನೆ ಮೆತ್ತಗಾಯಿತು. "ಬಾ ತಾಯಿ. ಒಂದೇ ಒಂದು ಮಾತು. 'ತಗುಲಿತು' ಅನ್ನು. ಸುಳ್ಳೇನೂ ಅಲ್ಲವಲ್ಲ. ಮಗನನ್ನು ಕೊಂದವನು ಈಗಲೇ ನಿನ್ನ ಕಾಲಬುಡದಲ್ಲಿ ಬೀಳುತ್ತಾನೆ. ಇದಕ್ಕೇ ಅಲ್ಲವೇ ನೀನು ಮದ್ದು ಕುಟ್ಟಿದ್ದು?"

ಸಿರುಮವ್ವ ಗಂಡನ ಮುಂದೆ ಮಂಡಿಯೂರಿದಳು. ಮನೆತನದ ಪದ್ಧತಿಯಂತೆ ಅವನ ಎದೆಯ ತೂತಿಗೆ ಬೆರಳಿಟ್ಟಳು. ಬಿಸಿ ಇನ್ನೂ ಆರಿರಲಿಲ್ಲ. ಎದ್ದು ಗುಡಿಯ ಕಡೆ ಮುಖ ಮಾಡಿದಳು. ಹುಣಿಸೆಮರದ ಬುಡದಲ್ಲಿ ಬೊಮ್ಮಲಿಂಗ ಇದ್ದೊಂದು ಕಣ್ಣನ್ನೂ ಮುಚ್ಚಿದ. ಆ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ನಿಜವಾದ ಮಾತು, ಬೇಕಾದ ಮಾತು. ಅದರ ಬೆನ್ನಿಗೇ ನಾಲ್ಕನೆಯ ಈಡು, ಐದನೆಯ ಈಡು, ನಾಳೆ ಕಣಿವೆಹಟ್ಟಿಯಲ್ಲಿ ಇನ್ನೊಬ್ಬ ತಾಯಿಯ ಅಂಗಳ. ಆ ಕ್ಷಣ ಅಮ್ಮನೇ ಅವಳ ಬಾಯಿಗೆ ಕೈ ಅಡ್ಡ ಇಟ್ಟಳೆಂದು ಭಕ್ತರು ಹೇಳುತ್ತಾರೆ. ಸಿರುಮವ್ವ ಬಾಯಿ ಮುಚ್ಚಿದಳು. ಹುಣಿಸೆಮರದ ಬಳಿಗೆ ನಡೆದು, ಗಂಡನ ರಕ್ತ ಮೆತ್ತಿದ ಕೈಯಿಂದಲೇ ಹಗ್ಗ ಬಿಚ್ಚಿದಳು. ಅವಳು ಆಡಿದ್ದು ಕೂಗಲ್ಲ, ಅಡುಗೆಮನೆಯಲ್ಲಿ ಆಡುವಂಥ ಸಣ್ಣ ದನಿ.

"ಮಗನಿದ್ದಿದ್ದರೆ ಅಪ್ಪನಿಗೆ ಹೆಗಲು ಕೊಡುತ್ತಿದ್ದ. ಇಲ್ಲದ ಹಾಗೆ ಮಾಡಿದವನು ನೀನು. ಬಾ, ನೀನು ಹೊರು."

ಬೊಮ್ಮಲಿಂಗ ಹೊತ್ತ. ಮುರಿದ ಪಕ್ಕೆಯ ಮೇಲೆ ಆ ಭಾರ ಹೇರಿಕೊಂಡು, ಹೆಜ್ಜೆಗೊಮ್ಮೆ ನರಳುತ್ತ, ಗುಡಿಯ ಹಿಂಭಾಗದವರೆಗೆ ಹೊತ್ತು, ತನ್ನ ಕೈಯಾರೆ ಗುಂಡಿ ತೋಡಿದ. ಕೋವಿಯವರು ಕೋವಿಗಳ ಮೂತಿ ಕೆಳಗೆ ಮಾಡಿ ಎರಡೂ ಬದಿಗೆ ನಿಂತು ದಾರಿ ಬಿಟ್ಟರು. ಬರಿಕೋವಿ ಹಿಡಿದ ಸೂರಪ್ಪನಾಯಕ ಬಯಲಿನ ನಡುವೆ ನಿಂತೇ ಇದ್ದ. ಅಂದಿನಿಂದ ಅವನ ಸೀಮೆಯಲ್ಲಿ ಅವನ ಮಾತಿಗೆ ಮದ್ದು ತುಂಬುವವರು ಸಿಗಲಿಲ್ಲ. ದನ ಹೊಡೆಯಲು ಕಣಿವೆಹಟ್ಟಿಯವರೂ ಮತ್ತೆ ಈ ಕಡೆ ಬರಲಿಲ್ಲ. ಸಿರುಮವ್ವ ತಲೆ ನೆರೆಯುವ ತನಕ ಬದುಕಿದಳು. ನಾಯಕ ಹೊನ್ನು ಕಳಿಸಿದ, ಬೆದರಿಕೆ ಕಳಿಸಿದ, ಕಡೆಗೆ ತಾನೇ ಬಂದು ಅವಳ ಹೊಸ್ತಿಲಲ್ಲಿ ಕೂತ. ಅವಳು ಅವನಿಗೆ ಮಜ್ಜಿಗೆ ಕೊಟ್ಟಳು, ಕೂಗು ಕೊಡಲಿಲ್ಲ. ಅವಳೊಂದಿಗೆ ಕೂಗಾಳು ಮನೆತನ ಮುಗಿಯಿತು. ಗುಡ್ಡಕ್ಕೆ ಹೆಸರು ಉಳಿಯಿತು.

ಈಗಲೂ ಗುಡಿಯ ಹಿಂದೆ ಹೋದವರಿಗೆ ಒಂದು ನಿಲುಗಲ್ಲು ಕಾಣಸಿಗುತ್ತದೆ. ಬಂಡೆಗೆ ಒರಗಿದ ಒಬ್ಬ ಗಂಡಸು, ಪಕ್ಕದಲ್ಲಿ ಅಂಗೈಯಿಂದ ಬಾಯಿ ಮುಚ್ಚಿಕೊಂಡ ಒಬ್ಬ ಹೆಂಗಸು. ಹೆಣ್ಣುಮಕ್ಕಳು ಅರಿಸಿನ ಹಚ್ಚಿ ಹಚ್ಚಿ ಆ ಕೈಯ ಬೆರಳುಗಳು ಸವೆದು ಒಂದಾಗಿವೆ. ಕಣಿವೆಹಟ್ಟಿಯವರು ವರ್ಷಕ್ಕೊಮ್ಮೆ ಬಂದು ಕಲ್ಲಿಗೆ ನೀರೆರೆದು, ಹೆಗಲ ಮೇಲಿನ ವಲ್ಲಿಯಿಂದ ಒರೆಸಿ ಹೋಗುತ್ತಾರೆ. ತಿಳಿಯದ ಯಾರಾದರೂ ಬಂದೂಕು ಹೊತ್ತು ಬಯಲಿಗೆ ಕಾಲಿಟ್ಟರೆ ಪೂಜಾರಿ ಗದರುವುದಿಲ್ಲ. ಕೈಗೆ ತೀರ್ಥ ಹಾಕಿ, "ಇಲ್ಲಿ ಒಂದು ಈಡಿಗೆ ಇನ್ನೂ ಕೂಗು ಬಂದಿಲ್ಲ ಸ್ವಾಮಿ, ಸ್ವಲ್ಪ ಕಾಯಿರಿ" ಎನ್ನುತ್ತಾರೆ. ಬಂದವರು ನಗುತ್ತ ಕಾಯುತ್ತಾರೆ, ಆಮೇಲೆ ನಗು ನಿಲ್ಲಿಸಿ ಕಾಯುತ್ತಾರೆ. ಕೊನೆಗೆ ನಳಿಗೆ ಬಿಚ್ಚಿ, ತೋಟಾ ತೆಗೆದು ಜೇಬಿಗಿಟ್ಟುಕೊಂಡು, ಸದ್ದಿಲ್ಲದೆ ಹಳ್ಳ ದಾಟುತ್ತಾರೆ.