ನರಸಮ್ಮನ ಕೊಡಕ್ಕೆ ಅತ್ತ ಹಂಪವ್ವ

ಬಹಳ ಹಿಂದೆ, ರೈಲಿನ ಕೂಗು ಇನ್ನೂ ಕೇಳದ ಒಂದೂರು, ಮುತ್ತಲಕಟ್ಟಿ. ಅಲ್ಲಿ ಹಂಪವ್ವ ಅಂತ ಒಬ್ಬ ನಾಟಕದಾಕಿ ಇದ್ದಳಂತೆ. ಕಂಪನಿಯ ಡೇರೆ ಎಲ್ಲಿ ಬಿದ್ದರೂ ಆ ಸೀಮೆಯ ಮಾತಿನಲ್ಲೇ ಪಾತ್ರ ಮಾಡುತ್ತಿದ್ದಳಂತೆ. ಸಾಂಗಲಿಯಲ್ಲಿ ಮರಾಠಿ, ಕರ್ನೂಲಿನಲ್ಲಿ ತೆಲುಗು, ಕಲಬುರ್ಗಿಯಲ್ಲಿ ಉರ್ದು. ರಾಣಿಯೂ ಅವಳೇ, ದಾಸಿಯೂ ಅವಳೇ. ರಾಜನ ಪಾತ್ರದವನು ಜ್ವರ ಅಂತ ಮಲಗಿದರೆ ಮೀಸೆ ಅಂಟಿಸಿಕೊಂಡು ರಾಜನೂ ಅವಳೇ.

ಇಷ್ಟು ಭಾಷೆ ಯಾರು ಕಲಿಸಿದರು? ಯಾವ ಮಾಸ್ತರನೂ ಅಲ್ಲ. ಹೊಸ ಊರಿಗೆ ಕಾಲಿಟ್ಟ ಬೆಳಿಗ್ಗೆಯೇ ಕೊಡ ಹಿಡಿದು ಬಾವಿಗೆ ಹೋಗಿ, ಸರದಿ ಮುರಿದು ಜಗಳ ತೆಗೆಯುತ್ತಿದ್ದಳಂತೆ. ಬೈಸಿಕೊಂಡಷ್ಟೂ ಭಾಷೆ ಬರುತ್ತದೆ, ಹೊಗಳಿಸಿಕೊಂಡರೆ ಬರುವುದು ಬರೀ ಸೊಕ್ಕು ಅನ್ನುತ್ತಿದ್ದಳಂತೆ.

ಒಂದು ಸಲ ತೆಲುಗು ಸಿನಿಮಾದವರು ಕರೆದರು. ಮಗನನ್ನು ಕಳೆದುಕೊಂಡ ತಾಯಿಯ ಪಾತ್ರ. ಊರು ಬಿಡುವಾಗ ಮುತ್ತಲಕಟ್ಟಿಯವರು ನಕ್ಕರು: "ಸಂತಿ ಬಾಯಿ ಸಿನಿಮಾದಾಗ ನಡೀತದೇನ ಯವ್ವಾ?"

ಮಾತೆಲ್ಲ ಸಲೀಸಾಯಿತು. ಸತ್ತ ಮಗನನ್ನು ನೆನೆದು ಹಾಡ್ಯಾಡಿ ಅಳುವ ಕಡೆ ಬಂದಾಗ ಬಾಯಿ ಕಟ್ಟಿತು. ಬಾವಿಕಟ್ಟೆಯಲ್ಲಿ ಯಾರೂ ಸತ್ತವರಿಗೆ ಅಳುವುದಿಲ್ಲವಲ್ಲ! ನಾಳೆಯೊಳಗೆ ಅಳು ಬರದಿದ್ದರೆ ಬೇರೆಯವಳನ್ನು ತರುತ್ತೇನೆ ಎಂದನಂತೆ ಡೈರೆಕ್ಟರು. ಸೋತು ಊರಿಗೆ ಹೋಗಿ ಆ ನಗುವಿನ ಮುಂದೆ ನಿಲ್ಲುವುದು ಹಂಪವ್ವನಿಗೆ ಆಗದ ಮಾತು.

ಸಿನಿಮಾ ತೆಗೆಯುತ್ತಿದ್ದ ತೆಲುಗು ಊರಿನ ಬಾವಿಯಲ್ಲೂ ಬಂದ ಬೆಳಿಗ್ಗೆಯೇ ಜಗಳ ತೆಗೆದಿದ್ದಳು; ಅವಳ ಎಳೆದಾಟಕ್ಕೆ ಒಡೆದದ್ದು ನರಸಮ್ಮ ಎಂಬಾಕೆಯ ಮಣ್ಣಿನ ಕೊಡ. ಹಂಪವ್ವ ನೇರ ಅವಳ ಮನೆಗೇ ಹೋದಳು.

"ಅಕ್ಕಾ, ಸತ್ತವರಿಗೆ ನೀವು ಹೆಂಗೆ ಅಳ್ತೀರಿ? ಕಲಿಸು."

"ನಿನ್ನ ಬಾಯಿಗೆ ಮಣ್ಣು ಹಾಕ! ಸಾವಿಲ್ಲದ ಮನೇಲಿ ಆ ಅಳು ಅತ್ತರೆ ಸಾವೇ ಹುಡುಕ್ಕೊಂಡು ಬರುತ್ತೆ. ನಡಿ ಆಚೆ!"

ಹಂಪವ್ವ ನಡೆಯಲಿಲ್ಲ. ಅಂಗಳದಲ್ಲೇ ಕೂತಳು. ಬಿಸಿಲು ಇಳಿಯಿತು. ಬಾಗಿಲಲ್ಲಿ ಒಬ್ಬಳು ಹಾಗೆ ಕೂತಿದ್ದರೆ ನರಸಮ್ಮನಿಗೂ ಅನ್ನ ಗಂಟಲಿಗಿಳಿಯದು. ಕೊನೆಗೆ ಹಿತ್ತಿಲಿಂದ ಕೊಡದ ಚೂರು ತಂದು ಮಡಿಲಿಗೆ ಹಾಕಿಕೊಂಡಳಂತೆ.

"ಈ ಮನೇಲಿ ಸತ್ತಿರೋದು ಇದೊಂದೇ. ಕೊಂದವಳು ನೀನು. ಕೇಳ್ಕೋ."

ಎದೆ ಬಡಿದುಕೊಂಡು ಶುರುವಿಟ್ಟಳು. ಸೊಂಟದ ಮೇಲೆ ಕೂತು ಬರುತ್ತಿದ್ದ ಬಂಗಾರವೇ, ಯಾವ ದಾರಿ ಹಿಡಿದೆ, ನಿನ್ನ ಕಾದು ಕಾದು ಒಲೆ ತಣ್ಣಗಾಯಿತಲ್ಲೋ ಅಂತ. ಮೊದಲು ಇಬ್ಬರಿಗೂ ನಗು ಬಂತಂತೆ. ಆಮೇಲೆ ಬರಲಿಲ್ಲ. ಯಾರನ್ನು ನೆನೆದಳೋ ನರಸಮ್ಮ, ಒಂದು ಕೊಡಕ್ಕೆ ಅಳಬೇಕಾದ್ದಕ್ಕಿಂತ ಹೆಚ್ಚೇ ಅತ್ತಳು.

ಸಿನಿಮಾ ಬಂತು. ಊರಿಗೆ ಊರೇ ಸೆರಗು ಒದ್ದೆ ಮಾಡಿಕೊಂಡಿತು. ಟಾಕೀಸಿನ ನೆಲದಲ್ಲಿ ಕೂತ ನರಸಮ್ಮ ಮಾತ್ರ ಎದ್ದು ನಿಂತು, "ಅಯ್ಯೋ ಮಂಕುಗಳಾ, ಅದು ನನ್ನ ಕೊಡ!" ಅಂತ ಕೂಗಿದಳಂತೆ.

ಆಮೇಲೆ ಹಂಪವ್ವ ಹದಿನಾಲ್ಕು ಭಾಷೆಯಲ್ಲಿ ಅತ್ತಳು ಅನ್ನುತ್ತಾರೆ. ಇಂಥ ಮಾತಿನಲ್ಲಿ ಮುತ್ತಲಕಟ್ಟಿಯವರ ಕೈ ಬಿಗಿಯಲ್ಲ. ಅವಳು ತೀರಿಕೊಂಡದ್ದು ಯಾವುದೋ ದೂರದ ಊರಲ್ಲಿ. ಅಲ್ಲಿ ಯಾರು ಅತ್ತರೋ, ಯಾವ ಮಾತಿನಲ್ಲಿ ಅತ್ತರೋ.

ಇವತ್ತಿಗೂ ಮುತ್ತಲಕಟ್ಟಿಯಲ್ಲಿ ಕೊಡ ಒಡೆದರೆ, ಒಡೆದವರನ್ನು ಕೂಡಲೇ ಬೈಯುವಂತಿಲ್ಲ. ಮನೆಯ ಹಿರಿಯ ಹೆಂಗಸು ಚೂರು ಮಡಿಲಿಗೆ ಹಾಕಿಕೊಂಡು ಹಾಡ್ಯಾಡಿ ಅಳಬೇಕು. ಕೊಡಕ್ಕೆ ಒಂದು ಸೊಲ್ಲು, ಹಂಪವ್ವನಿಗೆ ಒಂದು ಸೊಲ್ಲು. ಬೈಗುಳ ಆಮೇಲೆ.