ಸಂತೆಯ ನೀಲಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ ಹೊಳೆಗೆ ಬಿಡಿ. ಸುತ್ತ ಏಳು ಹಳ್ಳಿಯಲ್ಲಿ ಅಂಥ ಮೀಸೆ ಇನ್ನೊಂದಿಲ್ಲ.

ತುಂಗಭದ್ರೆಯ ದಂಡೆಯಲ್ಲಿ ಚಿತ್ರ ಬರೆಯುವ ಕಲ್ಲಿನಾಥ ಗುರುಗಳ ಆಶ್ರಮವಿತ್ತು. ಕುಂಚ ಹಿಡಿಯುವ ಮೊದಲು ಅಲ್ಲಿ ವರ್ಷಗಟ್ಟಲೆ ಬಣ್ಣದ ಕಲ್ಲು ಅರೆಯಬೇಕು. ದುಡಿದು ತಿನ್ನುವವರಿಗೆ ಅಷ್ಟು ಪುರುಸೊತ್ತೆಲ್ಲಿಯದು?

ಶಿಷ್ಯ ಸಂಕಪ್ಪ ಅರೆದ. ಅವನ ನೀಲಿ ಎಷ್ಟು ನುಣುಪೆಂದರೆ, ಅದರ ಮೇಲೆ ಕೂತು ಮೈಯೆಲ್ಲ ನೀಲಿಯಾಗಿ ಎದ್ದ ನೊಣವನ್ನು ಅದರ ಹೆಂಡತಿ ಗುರುತು ಹಿಡಿಯದೆ ಮನೆಯಿಂದ ಹೊರಗೆ ಹಾಕಿದಳು.

ಅಷ್ಟರಲ್ಲಿ ಕಾರ್ಖಾನೆಯ ಪುಡಿಬಣ್ಣ ಸಂತೆಗೆ ಬಂತು. ಪೊಟ್ಟಣ ಒಡೆ, ನೀರು ಹಾಕು, ಬರೆ. ಬದನೆಕಾಯಿ ಮಾರುವ ಹುಲಿಗೆವ್ವ ನೀಲಿಯದೊಂದು ಪೊಟ್ಟಣ ತಂದು, ಮನೆಯ ಗೋಡೆಗೆ ಒಬ್ಬ ಹುಡುಗಿಯ ಮುಖ ಬರೆದಳು. ಊರಿಗೆ ಊರೇ ನೋಡಲು ಹೋಯಿತು.

ಸಂಕಪ್ಪನೂ ಹೋದ. ಜಡ್ಡುಗಟ್ಟಿದ ತನ್ನ ಅಂಗೈ ನೋಡಿಕೊಂಡ. ಹೊಟ್ಟೆ ಉರಿಯಿತು.

"ಬಣ್ಣ ಅಂದ್ರ ಕಲ್ಲಿಂದು. ಇದರ ಯೋಗ್ಯತೆ ನೋಡ್ರಿ" ಎಂದವನೇ ಜನರೆದುರು ಗೋಡೆಗೆ ಒಂದು ಕೊಡ ನೀರು ಸುರಿದ.

ಮುಖ ಗೋಡೆಯಿಂದ ಇಳಿದು, ಅಂಗಳ ದಾಟಿ ಹರಿದುಹೋಯಿತು. ಯಾರೂ ನಗಲಿಲ್ಲ.

ಗೆದ್ದೆನೆಂದು ಬಂದು ಗುರುಗಳಿಗೆ ಹೇಳಿದ.

"ಯಾರ ಮುಖ ಅದು?" ಎಂದರು ಗುರುಗಳು.

"ಯಾವುದೋ ಹುಡುಗೀದ್ರಿ."

"ಜ್ವರದಾಗ ಹೋದ್ಲಲ್ಲ, ಅಕಿ ಮಗಳದು."

ಸಂಕಪ್ಪನೇ ಅರೆದ ನೀಲಿಯ ಬಟ್ಟಲನ್ನು ಗುರುಗಳು ಅವನ ಕೈಗಿಟ್ಟರು.

"ಚಲೋ ಬಣ್ಣ ಐತಿ. ತಿರುಗಿ ಬರದು ಬಾ."

ಮರುದಿನ ತೊಳೆದ ಗೋಡೆಯೆದುರು ನಿಂತು, ನೆಲ ನೋಡುತ್ತ ಕೇಳಿದ: "ಯವ್ವಾ, ಮಗಳ ಕಣ್ಣು ಹೆಂಗಿದ್ವು?"

ಹುಲಿಗೆವ್ವ ತಲೆಯ ಮೇಲಿನ ಬುಟ್ಟಿ ಇಳಿಸಲೂ ಇಲ್ಲ.

"ನಿನ್ನೆ ಗ್ವಾಡಿ ಮ್ಯಾಲ ನೋಡಿದಿಯಲ್ಲೋ ಯಪ್ಪಾ, ಹಂಗ ಇದ್ವು."

ಅವನು ನೋಡಿರಲಿಲ್ಲ. ನೀಲಿಯನ್ನಷ್ಟೇ ನೋಡಿದ್ದ.

ಬಟ್ಟಲು ಹಾಗೇ ಹಿಡಿದು ಆಶ್ರಮಕ್ಕೆ ಮರಳಿದ. ಹಾದಿಯಲ್ಲಿ ಎದುರಾದವರಿಗೆ ಮುಖ ಕೊಡಲಿಲ್ಲ.

"ನನ್ನ ಕೈಲೆ ಆಗೂದಿಲ್ರಿ. ಕುಂಚ ಅಕಿ ಕೈಗೇ ಕೊಟ್ಟು, ಕಾಲಿಗೆ ಬಿದ್ದು ಕೇಳ್ಕೋತೀನಿ. ಪಕ್ಕದಾಗ ಕುಂತು ಬಣ್ಣ ಕಲಸಿ ಕೊಡ್ತೀನಿ."

ಆಗಲೆಂದು ಗುರುಗಳು ತಲೆಯಾಡಿಸಿದರು.

ಬಾಗಿಲ ತನಕ ಹೋದವನು ತಿರುಗಿ ನಿಂತ. "ಯಾವ ನೀಲಿ ಒಯ್ಲಿ ಗುರುಗಳೇ? ನಮ್ದೋ, ಸಂತೀದೋ?"

ಆ ನೊಣದ ಸಂಸಾರವೊಂದೇ ನಾನು ಹೂಡಿದ ಸುಳ್ಳು, ಒಪ್ಪಿಕೊಂಡೆ; ಮೀಸೆಗೆ ಮಾಫಿ ಇರಲಿ. ಗುರುಗಳು ಅಂದದ್ದು ಮಾತ್ರ ಅವರದೇ ಮಾತು:

"ಇನ್ನೂ ಬಣ್ಣದ ಮಾತೇನೋ, ತಮ್ಮಾ?"