ಆಯಿ ಕಲಿಸದೆ ಬಿಟ್ಟ ಪಾಠ

ಈ ಕಥೆಯ ಗುರುವಿಗೆ ಗಡ್ಡವಿಲ್ಲ, ಕಾವಿಯೂ ಇಲ್ಲ. ಅವಳ ಹೆಸರು ಕಾತೂನಬಿ. ಎಲ್ಲರೂ ಆಯಿ ಎನ್ನುತ್ತಾರೆ.

ಆಶ್ರಮ ಎಂದರೆ ಹೊಳೆದಂಡೆಯ ಒಂದು ಮತ್ತಿಮರ. ಅದರ ನೆರಳಿನಲ್ಲಿ ಆಯಿಯೂ ಸೇರಿ ಹದಿನಾಲ್ಕು ಹೆಂಗಸರು ಕೂತು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಹೊಲಿಯುತ್ತ ಆಯಿಯನ್ನು ಕೇಳಬೇಕಾದದ್ದನ್ನು ಕೇಳುತ್ತಾರೆ. ಆಯಿ ಉತ್ತರ ಹೇಳಿದರೆ ಹೇಳಿದಳು, ಇಲ್ಲದಿದ್ದರೆ ಇಲ್ಲ.

ಇವರೆಲ್ಲ ಸಿದ್ದಿಯರು. ನೂರಾರು ವರ್ಷಗಳ ಹಿಂದೆ ಇವರ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಮಾರಿದರು. ಹಾಗೆ ಬಂದವರು ತಪ್ಪಿಸಿಕೊಂಡು ಈ ಕಾಡು ಸೇರಿದರು. ಇಲ್ಲೂ ಬಹುಕಾಲ ಜಮೀನಿನ ಒಡೆಯರ ಮನೆಗಳಲ್ಲಿ ಜೀತ ದುಡಿದರು. ಯಾರಾದರೂ ಇವರನ್ನು ಗುಲಾಮರ ಮಕ್ಕಳು ಎಂದರೆ ಆಯಿ ತಿದ್ದುತ್ತಾಳೆ.

"ಗುಲಾಮರ ಮಕ್ಕಳಲ್ಲ. ಓಡಿಹೋದವರ ಮಕ್ಕಳು."

ಸಿದ್ದಿಯರ ಕೌದಿಗೆ ಒಂದು ಕಟ್ಟಳೆಯುಂಟು. ಹೊಲಿಗೆ ಮುಗಿದ ಮೇಲೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ಮಡಚಿ ಒಂದೊಂದು ಹೂವು ಕೂರಿಸಬೇಕು. ಅಷ್ಟು ಪದರಗಳಲ್ಲಿ ಸೂಜಿ ಇಳಿಸುವುದು ಕಷ್ಟ, ಬೆರಳು ನೋಯುತ್ತದೆ. ಆದರೂ ಕೂರಿಸಲೇಬೇಕು. ಹೂವಿಲ್ಲದ ಕೌದಿಯನ್ನು ಅವರು ಬತ್ತಲೆ ಎನ್ನುತ್ತಾರೆ.

ಲೂಶಿ ಆಯಿಯ ಶಿಷ್ಯೆಯರಲ್ಲಿ ಚಿಕ್ಕವಳು, ಧಾರವಾಡದಲ್ಲಿ ಎಂ.ಎ. ಓದಿ ಬಂದವಳು. ಅಲ್ಲಿ ಹಾಸ್ಟೆಲ್ಲಿನ ಹುಡುಗಿಯರು ಅವಳ ಗುಂಗುರು ಕೂದಲನ್ನು ಜಗ್ಗಿ ನೋಡಿ, ನಿನ್ನ ದೇಶ ಯಾವುದು ಎಂದು ಕೇಳುತ್ತಿದ್ದರು. ಆ ಸಿಟ್ಟು ಅವಳಲ್ಲಿ ಇನ್ನೂ ಆರಿರಲಿಲ್ಲ. ಅದು ಆರಬೇಕಾದ ಸಿಟ್ಟೂ ಅಲ್ಲ.

ಒಂದು ಸಂಜೆ ಲೂಶಿ ಓಡುತ್ತ ಬಂದಳು.

"ಆಯಿ, ಬೆಂಗಳೂರಿನ ದೊಡ್ಡ ಅಂಗಡಿಯವರು ಬಂದಿದ್ದರು. ಎಷ್ಟು ಕೌದಿ ಮಾಡಿದರೂ ಒಯ್ಯತಾರಂತ. ಒಂದೊಂದರ ಮ್ಯಾಲೂ ನನ್ನ ಹೆಸರು ಇರತೈತಿ. ಅಂಗಡಿ ಬಾಗಿಲದಾಗ ನನ್ನ ಫೋಟೋ, ಆಳೆತ್ತರದ್ದು."

"ನಮ್ಮ ಹೆಸರು?"

"ಅಷ್ಟು ಹೆಸರು ಯಾರು ನೆನಪಿಡತಾರ ಆಯಿ? ನಾನು ಒಡತಿ, ನೀವೆಲ್ಲ ನನ್ನ ಕಡೆ ಕೆಲಸಕ್ಕ ಇದ್ದಂಗ. ಕಾಗದದ ಮ್ಯಾಲೆ ಅಷ್ಟ."

"ಹೂವು?"

"ಹೂವು ಬ್ಯಾಡಂತ. ಭಾಳ ಹೊತ್ತು ಹಿಡಿತಾವಂತ."

ಆಯಿ ಹೊಲಿಗೆಯಿಂದ ತಲೆ ಎತ್ತಲಿಲ್ಲ. ಲೂಶಿಗೆ ತಡೆಯಲಾಗಲಿಲ್ಲ.

"ಒಡೆಯರ ಅಂಗಳದಾಗ ನಮ್ಮವರು ನಿಂತದ್ದು ಸಾಕು ಆಯಿ. ಈಗ ನಮ್ಮ ಕರೇ ಮುಖ, ಅದೂ ಒಂದು ಹೆಣ್ಣಿನ ಮುಖ, ಒಡೆತನದ ಕುರ್ಚಿ ಮ್ಯಾಲೆ ಕೂಡಬೇಕು. ಬಿಡುಗಡೆ ಅಂದರ ಇದ ಅಲ್ಲೇನು? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ. ಇದು ನಮ್ಮ ಕಾಲ."

"ಸೊಸಿ ಅತ್ತಿ ಆದಳು," ಎಂದಳು ಆಯಿ. "ಹೊಸಾ ಸೊಸಿ ಯಾರು?"

ಪಕ್ಕದಲ್ಲಿ ಹೊಲಿಯುತ್ತಿದ್ದ ಗಿರಿಜೆ ಸೂಜಿ ನಿಲ್ಲಿಸಿದಳು. ಲೂಶಿ ಅವಳ ಕಡೆ ನೋಡದೆ ಹೇಳಿದಳು, "ನಾಳೆ ಮಧ್ಯಾಹ್ನ ಸಹಿ ಮಾಡಿಸಿಕೊಳ್ಳಾಕ ಬರತಾರ. ನಾ ಹೂಂ ಅಂದೀನಿ."

"ಆಗಲಿ," ಎಂದಳು ಆಯಿ.

ಮರುದಿನ ಬೆಳಿಗ್ಗೆ ಲೂಶಿ ಮರದ ಹತ್ತಿರ ಬಂದಾಗ ನೆರಳಿನಲ್ಲಿ ಒಬ್ಬರೂ ಇರಲಿಲ್ಲ.

ಹೆಂಗಸರೆಲ್ಲ ನೆರಳಿನ ಆಚೆ, ಬಿಸಿಲಿನಲ್ಲಿ ನಿಂತಿದ್ದರು. ಮುಂದೆ ಆಯಿ. ಎಪ್ಪತ್ತು ದಾಟಿದ ಆಯಿ ಚಪ್ಪಲಿ ಬಿಟ್ಟು, ಕೈಕಟ್ಟಿ, ಕಣ್ಣು ನೆಲಕ್ಕೆ ಹಾಕಿ ನಿಂತಿದ್ದಳು.

"ಏನಿದು ಆಯಿ?"

"ನೀವು ಬರೋದನ್ನ ಕಾಯಾಕ ಹತ್ತಿದ್ವಿ."

ನೀವು. ಹುಟ್ಟಿದಾಗ ಹೊಕ್ಕುಳಬಳ್ಳಿ ಕೊಯ್ದವಳು, ನಡೆಯಲು ಕಲಿಸಿದವಳು, ಸೂಜಿ ಹಿಡಿಸಿದವಳು ಅವಳನ್ನು ಈವರೆಗೆ ಒಮ್ಮೆಯೂ ಹಾಗೆ ಕರೆದಿರಲಿಲ್ಲ. ಲೂಶಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು.

"ನನ್ನ ಯಾಕ ಹಂಗ ಕರೀತೀರಿ?"

"ಒಡತಿನ್ನ ಹಿಂಗ ಕರೆಯೋದು ರೂಢಿ. ನಮ್ಮವ್ವ ನನಗ ಕಲಿಸಿದ್ದಳು. ಹೆಂಗ ನಿಲ್ಲಬೇಕು, ಕಣ್ಣು ಎಲ್ಲಿಡಬೇಕು, ಬೊಗಸ್ಯಾಗ ನೀರು ಹೆಂಗ ಕುಡೀಬೇಕು, ಎಲ್ಲಾ. ನಾ ನಿಮಗೆಲ್ಲಾ ಎಷ್ಟೋ ಪಾಠಾ ಹೇಳಿದೆ. ಇದೊಂದು ಪಾಠಾ ಬೇಕಂತ ಬಿಟ್ಟಿದ್ದೆ. ನಿಮಗ ಬೇಕಾಗತೈತಿ ಅಂತ ಗೊತ್ತಿರಲಿಲ್ಲ."

"ಬಿಸಿಲಾಗ ನಿಲ್ಲಬ್ಯಾಡ್ರಿ ಆಯಿ. ಕೂಡ್ರಿ."

"ಅಪ್ಪಣಿ," ಎಂದು ಆಯಿ ಬಿಸಿಲಿನಲ್ಲೇ ಕೂತಳು. ಉಳಿದವರೂ ಕೂತರು.

"ನೆರಳಾಗ ಕೂಡ್ರಿ."

"ಅಪ್ಪಣಿ." ಆಯಿ ಎದ್ದು ಬಂದು ನೆರಳಿನ ಅಂಚಿನಲ್ಲಿ, ಮಣ್ಣಿನ ಮೇಲೆ ಕೂತಳು.

"ಇದು ಅಪ್ಪಣಿ ಅಲ್ಲ ಆಯಿ. ಬೇಡಿಕೊಳ್ಳಾಕ ಹತ್ತೀನಿ."

"ಒಡತಿ ಬೇಡಿಕೊಂಡರೂ ಅಪ್ಪಣಿನ."

ಲೂಶಿ ಓದಿದ ಹುಡುಗಿ, ಅಷ್ಟು ಸುಲಭಕ್ಕೆ ಸೋಲುವವಳಲ್ಲ.

"ನಾ ಒಳ್ಳೇ ಒಡತಿ ಆಗತೀನಿ."

ಆಯಿ ಹೆಗಲ ಮೇಲಿದ್ದ ಕೌದಿಯನ್ನು ಮಡಿಲಲ್ಲಿ ಹರವಿ ನಡುವಿನ ಒಂದು ತುಂಡಿನ ಮೇಲೆ ಬೆರಳಿಟ್ಟಳು. ಹಳೆಯ ಹಸಿರು ಸೀರೆಯ ತುಂಡು.

"ನಮ್ಮ ಒಡೆಯರೂ ಒಳ್ಳೆಯವರ ಇದ್ದರು. ಹಬ್ಬಕ್ಕ ಹಳೇ ಸೀರಿ ಕೊಡತಿದ್ದರು. ಇದು ಅವರು ಕೊಟ್ಟದ್ದು. ಒಳ್ಳೆಯವರನ್ನ ಬಿಟ್ಟು ಬರೋದು ನಮಗ ಭಾಳ ಕಷ್ಟ ಆತು."

"ಹೆಂಗ ಬಿಟ್ಟು ಬಂದ್ರಿ?"

"ನೀವು ಹುಟ್ಟೋ ಮೊದಲ, ಒಂದು ದಿನ ನಾವು ಹೆಂಗಸರು ಯಾರೂ ಕೆಲಸಕ್ಕ ಹೋಗಲಿಲ್ಲ. ಮರುದಿನಾನೂ ಹೋಗಲಿಲ್ಲ. ಗಂಡಸರು ಅಂಜಿದರು. ಅವರ ಸಲುವಾಗಿ ನಾವು ಒಲಿ ಹಚ್ಚಲಿಲ್ಲ. ಒಡೆಯರ ಮನ್ಯಾಗ ಕಸಾ ಬಿತ್ತು, ನಮ್ಮ ಮನ್ಯಾಗ ಉಪವಾಸ ಬಿತ್ತು. ಮೂರನೇ ದಿನಾ ಗಂಡಸರೂ ನಮ್ಮ ಸಂಗಾಟ ಕೂತರು. ಅಲ್ಲಿಂದ ಮುಂದ ಯಾರೂ ಆ ಅಂಗಳಾ ತುಳೀಲಿಲ್ಲ."

"ಇದನ್ನ ನನಗ ಯಾಕ ಹೇಳಿರಲಿಲ್ಲ?"

"ಹೇಳೋ ಹೊತ್ತಿಗೆ ನೀವು ಧಾರವಾಡಕ್ಕ ಓದಾಕ ಹೋಗಿದ್ರಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗಿರಿಜೆ ನಗಲಿಲ್ಲ. ಅವಳು ಲೂಶಿಯ ಓರಗೆಯವಳು, ಶಾಲೆ ಬಿಟ್ಟು ತಮ್ಮಂದಿರನ್ನು ಸಾಕಿದವಳು. ಅವಳ ಹೆಬ್ಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಗಡುಸಾಗಿತ್ತು.

"ಲೂಶಿ," ಎಂದಳು ಗಿರಿಜೆ, "ನಿನ್ನ ಫೋಟೋ ಅಂಗಡ್ಯಾಗ ಹಾಕಿದರ ನನಗೂ ಖುಷಿನ. ಆದರ ಅದರ ಕೆಳಗ ನಾ ಹೊಲಿದ ಕೌದಿ ಇರತೈತಿ. ಆಗ ನಾ ಯಾರು?"

ಲೂಶಿ ಎಂ.ಎ.ಯಲ್ಲಿ ಓದಿದ ಪುಸ್ತಕಗಳಲ್ಲಿ ಈ ಪ್ರಶ್ನೆ ಹತ್ತಾರು ಸಲ ಬಂದಿತ್ತು. ಅದನ್ನು ಗಿರಿಜೆ ಕೇಳುತ್ತಾಳೆ ಎಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಅವಳು ನೆರಳಿನಿಂದ ಹೊರಬಂದು ಬಿಸಿಲಿನಲ್ಲಿ ಗಿರಿಜೆಯ ಪಕ್ಕ ಕೂತಳು. ಗಿರಿಜೆಯ ಅರ್ಧ ಹೊಲಿದ ಕೌದಿಯ ಒಂದು ಮೂಲೆ ಎಳೆದುಕೊಂಡು ಹೂವಿಗೆ ಬಟ್ಟೆ ಮಡಚತೊಡಗಿದಳು. ಮೊದಲ ಹೂವು ಕೂತಿತು.

ಕೊನೆಗೆ ಆಯಿ ಕರೆದಳು.

"ಏ ಲೂಶಿ, ಬಾ ಇಲ್ಲೆ. ಸೂಜಿಗೆ ದಾರಾ ಪೋಣಿಸು. ನನ್ನ ಕಣ್ಣು ಕಾಣಂಗಿಲ್ಲ."

ಬಾ ಎಂದಳು. ಲೂಶಿಗೆ ಅಳು ಬಂತು. ಎಂ.ಎ. ಪದವಿ ಕೈಗೆ ಬಂದಾಗಲೂ ಅವಳಿಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಹೆಂಗಸರೆಲ್ಲ ಒಬ್ಬೊಬ್ಬರಾಗಿ ನೆರಳಿಗೆ ಬಂದು ಕೂತರು.

ಮಧ್ಯಾಹ್ನ ಅಂಗಡಿಯವನು ಕಾಗದ ಹಿಡಿದು ಬಂದ. ಲೂಶಿ ಎದ್ದು ನಿಲ್ಲಲಿಲ್ಲ. ಕೂತಲ್ಲಿಂದಲೇ ಹೇಳಿದಳು.

"ಹೆಸರು ಹಾಕೋದಾದರ ಹದಿನಾಲ್ಕೂ ಮಂದಿದು ಹಾಕ್ರಿ. ಫೋಟೋ ಹಾಕೋದಾದರೂ ಅಷ್ಟ. ಮತ್ತ ಹೂವು ಇಲ್ಲದ ಕೌದಿ ನಾವು ಕೊಡಂಗಿಲ್ಲ."

ಅವನು ನಕ್ಕ. "ಇಷ್ಟೇ ಇಷ್ಟು ಲೇಬಲ್ಲಿನಲ್ಲಿ ಹದಿನಾಲ್ಕು ಹೆಸರು ಎಲ್ಲಿ ಹಿಡಿಸುತ್ತೆ?"

"ಲೇಬಲ್ ದೊಡ್ಡದು ಮಾಡ್ರಿ," ಎಂದಳು ಗಿರಿಜೆ.

"ಹಾಗಲ್ಲಮ್ಮ, ವ್ಯವಹಾರ ಅಂದ ಮೇಲೆ ಒಬ್ಬರ ಹತ್ತಿರ ಮಾತಾಡಬೇಕು. ನಾನು ಬೇರೆ ಊರಿಗೂ ಹೋಗಿ ಕೇಳಬಹುದು."

"ಹೋಗಿ ಬರ್ರಿ," ಎಂದಳು ಲೂಶಿ. ಹೇಳಿ ಮತ್ತೆ ಸೂಜಿ ಇಳಿಸಿದಳು.

ಅಂಗಡಿಯವನು ಹೋಗಲಿಲ್ಲ. ಬೆವರು ಒರೆಸಿಕೊಂಡು ಸುತ್ತ ನೋಡಿದ. ಎಲ್ಲರಿಗಿಂತ ವಯಸ್ಸಾದವಳು ಇವಳೇ ಎಂದು ಆಯಿಯ ಮುಂದೆ ಬಂದು ನಿಂತ.

"ಅಜ್ಜಿ, ನೀವಾದರೂ ಹೇಳಿ. ಇಲ್ಲಿ ಒಡೆಯರು ಯಾರು?"

ಆಯಿ ದಾರವನ್ನು ಹಲ್ಲಿನಲ್ಲಿ ಕಡಿದು, ತಲೆ ಎತ್ತಿ, ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಇದ್ದರು ತಮ್ಮಾ. ಹೋಗಿ ನಲವತ್ತು ವರ್ಷ ಆತು. ನೀ ಭಾಳ ತಡಾ ಮಾಡಿ ಬಂದಿ."